ಹಿಂದಿನ ಒಲೆಯ ಸಣ್ಣ ಪಾತ್ರೆ

ಹೇಳದೆ ಕೇಳದೆ ಎದ್ದು ಹೋದವಳೇ,

ನಿನ್ನೆ ಕ್ರಿಸ್‌ಮಸ್ ಆಯಿತು. ನೀನಿಲ್ಲದ ಮೊದಲ ಕ್ರಿಸ್‌ಮಸ್ ಎಂದು ಬರೆಯಬೇಕಿತ್ತು. ಹಾಗೆ ಬರೆದರೆ ಸುಳ್ಳಾಗುತ್ತದೆ. ನೀನು ಇದ್ದೆ. ಅದನ್ನು ನಿನಗೇ ಹೇಳಿ ಜಗಳವಾಡಬೇಕೆಂದು, ಸಿಂಕಿನ ತುಂಬ ಗ್ಲಾಸು ಬಿದ್ದಿದ್ದರೂ ಕೈ ಒರೆಸಿಕೊಂಡು ಬರೆಯಲು ಕೂತಿದ್ದೇನೆ. ಬೈಯಬೇಡ, ಆಮೇಲೆ ತೊಳೆಯುತ್ತೇನೆ.

ಮೊದಲು ನಿನ್ನ ಮೇಲಿನ ದೂರು. ಸತ್ತವರು ಸತ್ತವರ ಹಾಗೆ ಇರಬೇಕು. ನಾನು ಕೆಳಗೆ ಅಂಗಡಿಯಲ್ಲಿ ಯಾರದೋ ಹಳೆಯ ಸೋಫಾಕ್ಕೆ ಬಟ್ಟೆ ಬಿಗಿಯುತ್ತ ಕೂತಿರುತ್ತೇನೆ. ಮೇಲೆ ಅಡುಗೆಮನೆಯಲ್ಲಿ ಚಮಚ ಗ್ಲಾಸಿಗೆ ತಗಲುವ ಸದ್ದು ಶುರುವಾಗುತ್ತದೆ. ಉದ್ದನೆಯ ಚಮಚವನ್ನು ಐಸಿನ ಸುತ್ತ ಮೆಲ್ಲಗೆ ತಿರುಗಿಸುವ ಸದ್ದು, ಹೋಟೆಲಿನ ಬಾರಿನಲ್ಲಿ ನಿಂತು ನೀನು ಜೀವಮಾನವೆಲ್ಲ ಮಾಡಿದ ಸದ್ದು. ಸುತ್ತಿಗೆ ಕೆಳಗಿಟ್ಟು ಮೆಟ್ಟಿಲು ಹತ್ತಿ ಬಂದರೆ ಯಾರೂ ಇಲ್ಲ. ಲವಂಗದ ವಾಸನೆ ಮಾತ್ರ ಇರುತ್ತದೆ, ಅದೂ ಈಗಷ್ಟೇ ಜಜ್ಜಿದ ಲವಂಗದ್ದು. ಒಂದು ದಿನ ರೇಗಿಹೋಗಿ, "ಬರೋದಾದ್ರೆ ಎದುರಿಗೆ ಬಾ, ಇಲ್ಲಾಂದ್ರೆ ಸುಮ್ನಿರು!" ಎಂದು ಖಾಲಿ ಗೋಡೆಗೆ ಕೂಗಿದೆ. ಕೆಳಗೆ ಕುರ್ಚಿ ರಿಪೇರಿಗೆ ತಂದಿದ್ದ ಹೆಂಗಸು ಅದನ್ನು ಕೇಳಿಸಿಕೊಂಡು, ಕುರ್ಚಿಯನ್ನು ಬಾಗಿಲಲ್ಲೇ ಬಿಟ್ಟು ಹೊರಟುಹೋದಳು. ಇನ್ನೂ ವಾಪಸ್ಸು ತೆಗೆದುಕೊಂಡು ಹೋಗಿಲ್ಲ.

ಈ ಸಲ ಹಬ್ಬ ಬೇಡ ಎಂದುಕೊಂಡಿದ್ದೆ. ದೀಪ ಹಾಕದೆ, ಬಾಗಿಲು ಮುಚ್ಚಿಕೊಂಡು ಮಲಗುವುದು ಎಂದು ತೀರ್ಮಾನಿಸಿಯೂ ಆಗಿತ್ತು. ನಿನ್ನ ತಂಗಿ ಬಿಡಬೇಕಲ್ಲ! ಎರಡು ಚೀಲ ಹೊತ್ತುಕೊಂಡು ಬಂದವಳೇ, "ಭಾವ, ಅಕ್ಕ ಇದ್ದಿದ್ರೆ ಬಾಗಿಲು ಹಾಕ್ಕೊಂಡು ಕೂರೋಳಾ?" ಎಂದಳು. ಕಟ್ಟಡದವರೆಲ್ಲ ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುವುದೇ ನಿನ್ನ ಕೈಯ ಗ್ಲಾಸಿಗಾಗಿ. ಅವಳ ಕೈಯ ಚೀಲ ಇಸಿದುಕೊಂಡೆ.

ಅವಳು ನಿನ್ನ ಏಪ್ರನ್ ಕಟ್ಟಿಕೊಂಡು ಅಡುಗೆಮನೆ ಹೊಕ್ಕಳು. ನಿಜ ಹೇಳುತ್ತೇನೆ, ಹಿಂದಿನಿಂದ ನೋಡಿ ನೀನೇ ಎಂದುಕೊಂಡೆ. ಅದೇ ಭುಜ, ಅದೇ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುವ ರೀತಿ. ದೊಡ್ಡ ಪಾತ್ರೆಯಲ್ಲಿ ಕೆಂಪು ವೈನ್ ಸುರಿದು, ಚಕ್ಕೆ, ಲವಂಗ, ಕಿತ್ತಳೆಯ ಬಿಲ್ಲೆಗಳನ್ನು ಹಾಕಿ, ಕುದಿಯಲು ಬಿಡದೆ ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟಳು. ಮೊಟ್ಟೆ, ಹಾಲು, ಸಕ್ಕರೆ ಕಡೆದು, ಬ್ರಾಂದಿ ಬೆರೆಸಿ, ಮೇಲೆ ಜಾಯಿಕಾಯಿ ತುರಿದಳು. ತಣ್ಣನೆಯ ರಮ್ಮಿನ ಗ್ಲಾಸುಗಳ ಅಂಚಿಗೆ ನಿಂಬೆಹೋಳು ಸವರಿ ಸಕ್ಕರೆಯಲ್ಲಿ ಒತ್ತಿದಳು. ಎಲ್ಲ ನೀನು ಕಲಿಸಿದ್ದೇ. ನೀನು ಕಲಿಸದೆ ಇದ್ದದ್ದು ಒಂದೇ, ಹಿಂದಿನ ಒಲೆಯ ಸಣ್ಣ ಪಾತ್ರೆ. ಅದು ಬಟ್ಟಲುಗಳ ಕಪಾಟಿನಲ್ಲಿ ಬೋರಲಾಗಿಯೇ ಉಳಿಯಿತು. ನಾನು ನೋಡುತ್ತ ನಿಂತೆ.

ಏನೆಂದು ಹೇಳುವುದು? ಆ ಪಾತ್ರೆಯ ವಿಷಯ ಭೂಮಿಯ ಮೇಲೆ ನಮ್ಮಿಬ್ಬರಿಗೇ ಗೊತ್ತಿದ್ದದ್ದು. ಬಾಯಲ್ಲಿ ಮೊಳೆ ಇಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುವ ಕೆಲಸ ನನ್ನದು. ಹಗಲೇ ಕುಡಿದು ಕೂತು, ಒಂದು ಮೊಳೆ ನುಂಗಿ, ಆಸ್ಪತ್ರೆ ಸೇರಿದೆನಲ್ಲ, ಆಗ ನೀನು ಮಂಚದ ಪಕ್ಕ ಕೂತು ಅಳಲಿಲ್ಲ, ಬೈಯಲೂ ಇಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಗಿತ್ತು. ಕೊನೆಗೆ ನಾನೇ, "ಕುಡಿಯೋದು ಬಿಟ್ಟೆ ಅಂತ ಗೊತ್ತಾದ್ರೆ ಈ ಜನ ಬಿಡ್ತಾರೇನೇ? ಒಂದೇ ಒಂದು ಹಾಕು ಅಂತ ಪ್ರಾಣ ತಿಂತಾರೆ. ಹಬ್ಬದ ದಿನ ಗ್ಲಾಸಿಲ್ದೆ ಹ್ಯಾಗೆ ನಿಲ್ಲಲಿ?" ಎಂದೆ. ನೀನು, "ರೀ, ನಿಮಗೆ ಕೈಯಲ್ಲೊಂದು ಗ್ಲಾಸು ತಾನೇ ಬೇಕು? ಕೊಡ್ತೀನಿ. ಒಳಗೇನಿರಬೇಕು ಅನ್ನೋದು ನನಗೆ ಬಿಡಿ" ಎಂದೆ.

ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಯಾರನ್ನೂ ಅಡುಗೆಮನೆಗೆ ಬಿಡದೆ ನೀನೊಬ್ಬಳೇ ನಿಂತು, ಆ ಸಣ್ಣ ಪಾತ್ರೆಯಲ್ಲಿ ವೈನಿಲ್ಲದ ನನ್ನ ಪಾಲು ಮಾಡುತ್ತಿದ್ದೆ. ಅದೇ ಬಣ್ಣ, ಅದೇ ಹಬೆ, ಅದೇ ಕಿತ್ತಳೆ ಸಿಪ್ಪೆ. ಪಕ್ಕ ಪಕ್ಕ ಇಟ್ಟರೆ ದೇವರಿಗೂ ಗುರುತು ಹತ್ತದ ಎರಡು ಗ್ಲಾಸು. ನಾನು ಅದನ್ನು ಹಿಡಿದು ನಡುಮನೆಯಲ್ಲಿ ಎದೆಯುಬ್ಬಿಸಿ ತಿರುಗುತ್ತಿದ್ದೆ. ಆಚೆ ಬದಿಯಿಂದ ನೀನೊಂದು ಸಲ ನೋಡುತ್ತಿದ್ದೆ, ಅಷ್ಟೇ. ಗಂಡ ಹೆಂಡತಿ ನಡುವೆ ಮುತ್ತಿಗಿಂತ ದೊಡ್ಡ ಗುಟ್ಟು ಇರುತ್ತದೆಂದು ನನಗೆ ಆಗ ಗೊತ್ತಾದದ್ದು.

ನಿನ್ನೆ ಸಂಜೆ ಎಲ್ಲರೂ ಬಂದರು. ಎದುರು ಮನೆಯ ಪಿಯಾನೋ ಟೀಚರು ಬಂದರು, ಔಷಧಿ ಅಂಗಡಿಯ ಗಂಡಹೆಂಡತಿ ಬಂದರು. ಮೇಲಿನ ಮಹಡಿಯ ಬಸ್ ಡ್ರೈವರ್ ಗುಡುಗಣ್ಣನೂ ಬಂದ. ಪ್ರತಿ ವರ್ಷ ಎರಡನೇ ಗ್ಲಾಸಿಗೇ ತೂರಾಡಿ, ಟೀಚರ ಕೈ ಹಿಡಿದು ಕುಣಿಸಿ, ಗೋಡೆ ಬಿರಿಯುವಂತೆ ಹಾಡುವವನು ಈ ಸಲ ಕಿಟಕಿಯ ಪಕ್ಕ ಮೂಗನ ಹಾಗೆ ನಿಂತಿದ್ದ. ಪಾಪ, ನಿನ್ನ ದುಃಖ ಎಂದುಕೊಂಡೆ. ನಿನ್ನ ತಂಗಿ ತಟ್ಟೆ ಹಿಡಿದು ಬಂದು ಎಲ್ಲರಿಗೂ ಬಿಸಿ ಗ್ಲಾಸು ಹಂಚಿದಳು. ನನ್ನ ಕೈಗೂ ಒಂದು ಕೊಟ್ಟಳು. ಆಮೇಲೆ, ಕಣ್ಣು ತುಂಬಿಕೊಂಡು, "ಇದು ಅಕ್ಕನ ಹೆಸರಲ್ಲಿ. ಮೊದಲು ಭಾವ ಕುಡೀಲಿ" ಎಂದಳು.

ಎಲ್ಲರ ಗ್ಲಾಸೂ ಮೇಲಕ್ಕೆ ಹೋಯಿತು. ಎಲ್ಲರ ಕಣ್ಣೂ ನನ್ನ ಮೇಲೆ. ಹಬೆ ಮೂಗಿಗೆ ಬಂತು ನೋಡು, ಅಯ್ಯೋ! ಇಷ್ಟು ವರ್ಷಗಳಾದ ಮೇಲೂ ಆ ವಾಸನೆಗೆ ಬಾಯಲ್ಲಿ ನೀರೂರಿತು. ಸುಳ್ಳೇಕೆ, ಆಸೆಯಾಯಿತು. ನಿನ್ನ ಹೆಸರಿನಲ್ಲೇ ಕುಡಿದರೆ ಯಾರು ಕೇಳುತ್ತಾರೆ? ಕುಡಿಯದಿದ್ದರೆ ಹೆಂಡತಿಗೆ ಅವಮಾನ. ಕುಡಿದರೆ ಒಂದಕ್ಕೆ ನಿಲ್ಲುವವನಲ್ಲ ನಾನು, ಹೊಸ ವರ್ಷದ ಹೊತ್ತಿಗೆ ಅಂಗಡಿಗೆ ಬೀಗ. ಗ್ಲಾಸು ತುಟಿಯವರೆಗೆ ಬಂತು. ಆಗಲೇ ಒಳಗೆ, ಯಾರೂ ಇಲ್ಲದ ಅಡುಗೆಮನೆಯಲ್ಲಿ, ಚಮಚದ ಸದ್ದು ನಿಂತಿತು. ಅಷ್ಟು ಹೊತ್ತೂ ಅದು ಕೇಳಿಸುತ್ತಿತ್ತೆಂದು ನನಗೆ ತಿಳಿದದ್ದೇ ಅದು ನಿಂತಾಗ. ನೀನು ಉಸಿರು ಹಿಡಿದು ನಿಂತಿದ್ದೀಯ ಎನ್ನಿಸಿತು.

ಗ್ಲಾಸು ಕೆಳಗಿಟ್ಟೆ. "ನಾನು ಕುಡಿಯಲ್ಲಮ್ಮ. ಬಿಟ್ಟು ಬಹಳ ವರ್ಷ ಆಯ್ತು. ನಿಮ್ಮಕ್ಕ ಕೊಡ್ತಿದ್ದದ್ದು ಬೇರೆ. ಕುಡುಕರಿಗೆ ಒಂದು ಗುಟುಕೂ ಆಗಲ್ಲ, ನಾನು ಕುಡುಕ" ಎಂದುಬಿಟ್ಟೆ. ನಿನ್ನ ತಂಗಿ ಖಾಲಿ ತಟ್ಟೆಯನ್ನು ಎದೆಗೊತ್ತಿಕೊಂಡಳು. ಔಷಧಿ ಅಂಗಡಿಯವನು ತನ್ನ ಗ್ಲಾಸನ್ನು ಎಲ್ಲಿ ಬಚ್ಚಿಡುವುದೆಂದು ನೋಡುತ್ತಿದ್ದ. ನೆಲ ಬಾಯಿ ತೆರೆದರೆ ಸಾಕೆಂದು ನಾನು ನಿಂತಿದ್ದೆ.

ಆಗ ಕಿಟಕಿಯ ಕಡೆಯಿಂದ ಗುಡುಗಣ್ಣ, ಅವನ ಬಾಯಲ್ಲಿ ಯಾವತ್ತೂ ಕೇಳದಷ್ಟು ಸಣ್ಣ ದನಿಯಲ್ಲಿ, "ನನಗೂ ಅದೇ ಕೊಡ್ತಿದ್ರು" ಎಂದ.

ತನ್ನ ಗ್ಲಾಸನ್ನು ತೋರಿಸಿದ. ತುಂಬಿದಂತೆಯೇ ಇತ್ತು. "ಬೆಳಿಗ್ಗೆ ಬಸ್ ತುಂಬ ಜನರನ್ನ ಹೊತ್ಕೊಂಡು ಹೋಗೋನು ನಾನು. ಒಂದು ಸಲ ಬಾಯಲ್ಲಿ ಹೆಂಡದ ವಾಸನೆ ಇಟ್ಕೊಂಡು ಹೊರಟಿದ್ದೆ, ಮೆಟ್ಟಿಲಲ್ಲಿ ಅಡ್ಡ ನಿಂತು ಕೀ ಕಸ್ಕೊಂಡ್ಬಿಟ್ರು. ಆಮೇಲಿಂದ ಹಬ್ಬಕ್ಕೆ ನನಗೂ ಆ ಗ್ಲಾಸೇ. ಇವತ್ತು ಇದನ್ನ ಹಿಡ್ಕೊಂಡು ಏನ್ಮಾಡ್ಲಿ ಅಂತ ಆಗ್ಲಿಂದ ಬೆವರ್ತಾ ಇದ್ದೀನಿ" ಎಂದ. "ಮತ್ತೆ ಆ ತೂರಾಟ?" ಎಂದು ಟೀಚರು ಕೇಳಿದರು. "ನಾಟಕ" ಎಂದ ಗುಡುಗಣ್ಣ. ಟೀಚರು ಅವನನ್ನು ಹೊಡೆಯುತ್ತಾರೋ ಅಪ್ಪಿಕೊಳ್ಳುತ್ತಾರೋ ತಿಳಿಯಲಿಲ್ಲ. ಎಲ್ಲರೂ ನಕ್ಕರು, ನಿನ್ನ ತಂಗಿ ನಗುತ್ತಲೇ ಅತ್ತಳು.

ನಾನು ನಗಲಿಲ್ಲ ಕಣೇ. ನನಗೆ ಉರಿದುಹೋಯಿತು. ಅದು ನಮ್ಮಿಬ್ಬರ ಗುಟ್ಟು ಎಂದು ನಂಬಿಕೊಂಡು ಎದೆಯುಬ್ಬಿಸಿ ತಿರುಗಿದ ಪೆದ್ದ ನಾನು! ಅದೇ ಪಾತ್ರೆಯಿಂದ ಮೇಲಿನ ಮನೆಯವನಿಗೂ ಸುರಿದು, ನನ್ನ ಮುಂದೆ ಬಾಯಿ ಬಿಡದೆ ಹೋದೆಯಲ್ಲ! ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಎಷ್ಟು ಜನರಿದ್ದಾರೋ ಕಾಣೆ. ನಾನೊಬ್ಬ ಇದ್ದೇನೆ.

ಆ ಸಿಟ್ಟಿನಲ್ಲೇ ಅಡುಗೆಮನೆಗೆ ಹೋಗಿ ಸಣ್ಣ ಪಾತ್ರೆ ತೆಗೆದೆ. ನೀನು ಹೇಳಿಕೊಡದಿದ್ದರೆ ಏನಂತೆ, ನನ್ನ ನಾಲಿಗೆ ಸತ್ತಿಲ್ಲ. ದಾಳಿಂಬೆ ರಸಕ್ಕೆ ಗಟ್ಟಿಯಾಗಿ ಕುದಿಸಿದ ಕಪ್ಪು ಚಹಾ ಸುರಿದೆ, ಆ ಒಗರು ಅದರದ್ದೇ. ಶುಂಠಿ, ಲವಂಗ, ಚಕ್ಕೆ. ಗಂಟಲಿನಲ್ಲಿ ಉರಿ ಹತ್ತಲು ಕಾಳುಮೆಣಸು, ಕೊನೆಯ ಚುರುಕಿಗೆ ಒಂದು ಹನಿ ವಿನೆಗರ್. ಗುಡುಗಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ರುಚಿ ನೋಡಿ, "ಅದೇ ಕಣಣ್ಣ! ಎಳ್ಳಷ್ಟೂ ವ್ಯತ್ಯಾಸ ಇಲ್ಲ" ಎಂದ. ನಿನ್ನ ತಂಗಿಯೂ ಒಂದು ಗುಟುಕು ನೋಡಿ, ವೈನಲ್ಲವೆಂದು ನಂಬಲಾರದೆ ತಲೆಯಾಡಿಸಿದಳು. ನಾನು ನನ್ನ ಗ್ಲಾಸಿಗೆ ಬಗ್ಗಿಸಿದೆ, ಎತ್ತಿದೆ. ಏನೋ ಸರಿಯಿಲ್ಲ. ಇನ್ನೊಂದು ಲವಂಗ ಹಾಕಿದೆ. ಊಹೂಂ. ಸಕ್ಕರೆ ಹಾಕಿದೆ. ಅದೂ ಅಲ್ಲ. ಕುಡಿಯದೆಯೇ ಕೈಗೆ ಗೊತ್ತಾಗುತ್ತಿತ್ತು, ತಪ್ಪು ಗ್ಲಾಸು ಇದು ಎಂದು.

ಕೈಗೆ ಏಕೆ ಗೊತ್ತಾಯಿತು? ಭಾರಕ್ಕೆ. ಅದು ತುಂಬಿತ್ತು.

ನೀನು ಕೊಟ್ಟ ಗ್ಲಾಸು ಒಂದು ದಿನವೂ ತುಂಬಿರಲಿಲ್ಲ. ಯಾವಾಗಲೂ ಒಂದು ಗುಟುಕು ಕಡಿಮೆ. ನೋಡಲು ಎರಡೂ ಒಂದೇ ಥರ ಇದ್ದದ್ದರಿಂದ, ಎಲ್ಲಿ ಅದಲುಬದಲಾಯಿತೋ ಎಂದು ನೀನು ಮೊದಲು ಕುಡಿದು ನೋಡಿಯೇ ನನ್ನ ಕೈಗೆ ಕೊಡುತ್ತಿದ್ದೆ. ಒಮ್ಮೆ "ಎಂಜಲು ಮಾಡಿ ಕೊಡ್ತೀಯಲ್ಲ" ಎಂದು ರೇಗಿದ್ದಕ್ಕೆ, "ಕುಡಿರೀ ಸುಮ್ನೆ" ಎಂದಿದ್ದೆ.

ಗುಡುಗಣ್ಣನ ಕಡೆ ತಿರುಗಿ ಕೇಳಿದೆ: "ನಿನಗೆ ಕೊಡ್ತಿದ್ಲಲ್ಲ, ಆ ಗ್ಲಾಸು ಒಂದು ಗುಟುಕು ಕಡಿಮೆ ಇರ್ತಿತ್ತಾ?" ಅವನಿಗೆ ಅರ್ಥವಾಗಲಿಲ್ಲ. "ಎಲ್ಲಿ ಕಡಿಮೆ? ಕಂಠಪೂರ್ತಿ. ಚೆಲ್ಲಿ ಅಂಗಿ ಮೇಲೆಲ್ಲ ಆಗ್ತಿತ್ತು" ಎಂದ.

ಅವನದೂ ನನ್ನದೂ ಒಂದೇ ಪಾತ್ರೆಯದು, ಒಂದು ಗ್ಲಾಸಿನ ರುಚಿ ನೋಡಿದರೆ ಸಾಕು. ರುಚಿ ನೋಡಲು ನೀನು ತುಟಿಗೆತ್ತುತ್ತಿದ್ದದ್ದು ನನ್ನದನ್ನು.

ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಇಳಿಯಿತು. ಇಳಿದ ಜಾಗದಲ್ಲಿ ಏನು ಬಂತೆಂದು ಬರೆಯಲಾರೆ, ನಿನಗೆ ಗೊತ್ತಿರುತ್ತದೆ. ನಿನ್ನ ತಂಗಿಯನ್ನು, ಗುಡುಗಣ್ಣನನ್ನು ನಡುಮನೆಗೆ ಕಳಿಸಿದೆ. ನನ್ನ ಗ್ಲಾಸನ್ನು ಅಲ್ಲೇ ಒಲೆಯ ಪಕ್ಕ, ನೀನು ನಿಲ್ಲುತ್ತಿದ್ದ ಕಡೆ ಇಟ್ಟೆ. ದೀಪ ಆರಿಸಿ, ಬಾಗಿಲು ಮುಂದಕ್ಕೆ ಮಾಡಿ, ಹೊರಗೆ ಗೋಡೆಗೆ ಒರಗಿ ನಿಂತೆ. ನಡುಮನೆಯಲ್ಲಿ ಟೀಚರು ತಾವು ತಂದಿದ್ದ ಸಣ್ಣ ಕೀಬೋರ್ಡಿನಲ್ಲಿ ಏನೋ ನುಡಿಸಲು ಶುರುಮಾಡಿದ್ದರು. ಗುಡುಗಣ್ಣ ಈ ಸಲ ನಿಜವಾದ ದನಿಯಲ್ಲಿ ಹಾಡಿದ, ಕೇಳುವ ಹಾಗೆಯೇ ಇತ್ತು. ಹಾಡು ಮುಗಿಯುವ ತನಕ ನಾನು ಕದಲಲಿಲ್ಲ.

ಆಮೇಲೆ ಒಳಗೆ ಹೋದೆ. ದೀಪ ಹಾಕಲಿಲ್ಲ. ಎಷ್ಟಿದೆ ಎಂದು ನೋಡಲೂ ಇಲ್ಲ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಕೊನೆಯ ಹನಿಯವರೆಗೂ ಕುಡಿದೆ.

ಜೀವಮಾನವೆಲ್ಲ ನಿಂತುಕೊಂಡೇ ಬೇರೆಯವರ ಗ್ಲಾಸು ತುಂಬಿಸಿದವಳು ನೀನು. ಹೋದಲ್ಲಿ ನಿನಗೊಂದು ಕುರ್ಚಿ ಸಿಗಲಿ, ಯಾರಾದರೂ ನಿನ್ನ ಕೈಗೂ ಬೆಚ್ಚಗಿನದೊಂದು ಕೊಡಲಿ. ಈ ಮನೆಗೆ ಬರಬೇಕೆನ್ನಿಸಿದಾಗ ಬಾ, ಇನ್ನು ಕೂಗಾಡುವುದಿಲ್ಲ.

ಇಂದಿಗೂ ನಿನ್ನ ಎಂಜಲಿನವನು,
ನಿನ್ನ "ರೀ"