ಧೂಳಿಗೆ ಅಂಟಿದ್ದು

ಮೆರಿನ್,

ಇವತ್ತು ವೀಕ್ಷಣಾಲಯದ ಕ್ಯಾಂಟೀನಿನಲ್ಲಿ ನಿನ್ನ ಮಾತು ಬಂತು. ಬೆಟ್ಟದ ದಾರಿಯಲ್ಲಿ ಕಾಂಗರೂ ಅಡ್ಡ ಬಂದು ನಿನ್ನ ಕಾರು ಉರುಳಿದ ಮೇಲೆ, ದೂರದರ್ಶಕದಲ್ಲಿ ಸಂಶೋಧನೆಗೆಂದು ನಿನಗೆ ಮೀಸಲಿದ್ದ ರಾತ್ರಿಗಳೆಲ್ಲ ನಿನ್ನ ಸಹೋದ್ಯೋಗಿ ಪ್ಯಾಸ್ಕೋಗೆ ಸಿಕ್ಕಿವೆ. ಅವನ ತಟ್ಟೆಗೆ ನಾನು ಮಾಂಸದ ಪೈ ಬಡಿಸುತ್ತಿದ್ದೆ.

“ಡ್ಯುಟೀರಿಯಂ, ಅದೇ ಆ ಭಾರದ ಹೈಡ್ರೋಜನ್, ವಿಶ್ವದ ಆರಂಭದಲ್ಲಿ ಹುಟ್ಟಿದ್ದೇ ಕೊನೆ, ನಮ್ಮ ಗ್ಯಾಲಕ್ಸಿಯ ನಕ್ಷತ್ರಗಳು ಅದರಲ್ಲಿ ಅರ್ಧ ಸುಟ್ಟು ಮುಗಿಸಿವೆ ಅಂತ ಕೂಗಾಡ್ತಿದ್ಳಲ್ಲ ಮಹಾರಾಣಿ,” ಅಂದ. “ಸುಟ್ಟಿಲ್ಲ ಕಣ್ರೋ! ಬಹುಪಾಲು ನಕ್ಷತ್ರಗಳ ನಡುವಿನ ಧೂಳಿಗೆ ಅಂಟ್ಕೊಂಡು ಅಲ್ಲೇ ಕೂತಿದೆ. ಅವಳ ಕಣ್ಣಿಗೆ ಬೀಳ್ಲಿಲ್ಲ ಅಷ್ಟೆ. ಸತ್ತು ಬಚಾವಾದ್ಳು.”

ಎಲ್ಲರೂ ನಕ್ಕರು. ಸಾಸಿನ ಬಾಟಲಿ ಮುಂದಿಡುತ್ತ ನಾನೂ ನಕ್ಕೆ.

“ಏನಜ್ಜ, ನಿಂಗೂ ಅವಳು ಗೊತ್ತಿದ್ಳಾ?” ಅಂತ ಪ್ಯಾಸ್ಕೋ ನನ್ನ ಕಡೆ ತಿರುಗಿದ.

ನೀನು ಇಲ್ಲಿ ಕೆಲಸಕ್ಕೆ ಸೇರಿದ ದಿನ, “ಅಡುಗೆಯವನು ನಮ್ಮಪ್ಪ ಅಂತ ಇಲ್ಲಿ ಯಾರಿಗೂ ಗೊತ್ತಾಗ್ಬಾರ್ದು,” ಅಂದಿದ್ದೆ. ನಿನ್ನ ಹೆಸರಿನ ಜೊತೆ ಇದ್ದದ್ದು ನಿನ್ನಮ್ಮನ ಮನೆತನದ ಹೆಸರು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

“ಊಟಕ್ಕೆ ಬರ್ತಿದ್ರು,” ಅಂದೆ. “ಉಪ್ಪು ಜಾಸ್ತಿ ಅಂತ ತಟ್ಟೆ ವಾಪಸ್ ಕಳಿಸ್ತಿದ್ರು.”

ಅದಕ್ಕೆ ಅವರು ಇನ್ನೂ ಜೋರಾಗಿ ನಕ್ಕರು. ನಿನ್ನ ಮಾತು ಉಳಿಸಿದ್ದೇನೆ.

ಇಂತಿ,
ಕ್ಯಾಂಟೀನಿನ ಅಡುಗೆಯವನು