ಬಲಗಡೆ ಅಗಿಯಬಾರದು

೨೮ ಡಿಸೆಂಬರ್ ೧೯೯೮, ಸೋಮವಾರ. ಸಂಜೆ

ಗಾಂಧಿಬಜಾರಿಗೆ ನಡೆದೇ ಹೋದೆವು. ಅಪ್ಪ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಅಕ್ಟೋಬರ್‌ನಲ್ಲಿ ಪಿಯುಸಿ ಬಿಟ್ಟಾಗಿನಿಂದ ಹೀಗೆಯೇ. ಮಾತಿಲ್ಲ.

ಡಾಕ್ಟರ್ ರುದ್ರಾಣಿ ಮುರಿದ ದವಡೆಹಲ್ಲನ್ನು ಕಿತ್ತರು. ಅದೇ ಗುಂಡಿಯಲ್ಲಿ, ಹಿಂದಿನಿಂದ ಕಿತ್ತ ನನ್ನದೇ ಬುದ್ಧಿಹಲ್ಲನ್ನು ನೆಟ್ಟು, ಪಕ್ಕದ ಹಲ್ಲಿಗೆ ತಂತಿ ಬಿಗಿದರು.

"ಬೇರಿನ್ನೂ ಪೂರ್ತಿ ಬೆಳೆದಿಲ್ಲ. ಅದಕ್ಕೇ ಹಿಡಿಯೋ ಚಾನ್ಸ್ ಇದೆ. ಎರಡು ತಿಂಗಳು ಬಲಗಡೆ ಅಗೀಬೇಡಿ. ಇದು ಹೋದ್ರೆ ಹಾಕೋಕೆ ಇನ್ನೊಂದಿಲ್ಲ, ಎಕ್ಸ್‌ರೇಲಿ ಇರೋದೇ ಒಂದು ಬುದ್ಧಿಹಲ್ಲು."

"ಸದ್ಯ, ಒಂದಾದ್ರೂ ಇದೆಯಲ್ಲ," ಅಂದರು ಅಪ್ಪ. ಅವರಿಗೆ. ನನಗಲ್ಲ.

ಹಲ್ಲು ಹೇಗೆ ಮುರಿಯಿತೆಂದು ಡಾಕ್ಟರ್ ಕೇಳಿದರು. "ಸೈಕಲ್ಲಿಂದ ಬಿದ್ದ," ಅಂದರು ಅಪ್ಪ. ಹಾಗೇ ಬರೆದುಕೊಂಡರು.

ಬಿದ್ದಿಲ್ಲ. ಅಪ್ಪ ಹೊಡೆದದ್ದು, ಅಕ್ಟೋಬರ್‌ನಲ್ಲೇ, ಕಾಲೇಜು ಬಿಟ್ಟದ್ದಕ್ಕೆ. ಹಲ್ಲು ಮೊದಲೇ ಅರ್ಧ ಹುಳುಕಾಗಿತ್ತು — ಅದನ್ನೂ ಬರೆಯಬೇಕು. ಬಾಯಲ್ಲಿ ಹತ್ತಿ ಇತ್ತು. ತೆಗೆದ ಮೇಲೂ ಹೇಳಲಿಲ್ಲ.

೩ ಜನವರಿ

ಗಂಜಿ. ಮೊಸರನ್ನ. ಗಂಜಿ. ಲಾಲ್‌ಬಾಗಿಗೆ ಎರಡು ಸಲ ನಡೆದು ಬಂದೆ. "ಒಂದು ಕಡೆ ಕೂತ್ಕೊಳೋ, ಕಾಲಲ್ಲಿ ಚಕ್ರ ಇದೆಯಾ?" ಅಂದಳು ಅಮ್ಮ.

೧೧ ಜನವರಿ

ತಂತಿ ತೆಗೆದರು. ಅಲ್ಲಾಡುತ್ತಿಲ್ಲ. ಹಿಡೀತಿದೆ ಅಂದರು. ಖುಷಿ ಆಗಬೇಕಿತ್ತು...

೧೪ ಜನವರಿ, ಸಂಕ್ರಾಂತಿ

ಎಳ್ಳು ಕೊಡುವುದು ಪ್ರತಿವರ್ಷ ಅಮ್ಮ. ಇವತ್ತು ಸ್ಟೀಲ್ ಬಟ್ಟಲು ಹಿಡಿದು ಅಪ್ಪನೇ ಕೋಣೆಗೆ ಬಂದರು.

"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು."

ಮೂರು ತಿಂಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಕೈಯೊಡ್ಡಿದೆ. ಬಾಯಿಗೆ ಹಾಕಿ ಎಡಗಡೆಗೆ ತಳ್ಳಿದೆ. ಅವರು ನಿಂತೇ ಇದ್ದರು. ಇನ್ನೊಂದು ಹಿಡಿ. ಬಲಗಡೆ, ಒಣಕೊಬ್ಬರಿ — ಕಟಕ್. ಹುಷಾರಾಗಿರಬಹುದಿತ್ತು. ಇರಲಿಲ್ಲ.

ಒಳ್ಳೆಯ ಮಾತೊಂದು ಆಡಬೇಕಿತ್ತು. "ಚೆನ್ನಾಗಿದೆ" ಅಂದೆ.

೧೫ ಜನವರಿ. ಬೆಳಿಗ್ಗೆ

ಹಲ್ಲು ಅಲ್ಲಾಡುತ್ತಿದೆ.

"ತಾನಾಗೇ ಸಡಿಲ ಆಯ್ತು ಅನ್ನೋ. ಎಳ್ಳಿನ ವಿಷಯ ಎತ್ಬೇಡ. ನಿಮ್ಮಪ್ಪ ನೊಂದ್ಕೋತಾರೆ," ಅಂದಳು ಅಮ್ಮ.

ಆಗಲ್ಲ ಅಂದೆ.

೧೬ ಜನವರಿ, ಶನಿವಾರ. ರಾತ್ರಿ ೮

"ಏನು ತಿಂದ್ರಿ?" ಅಂದರು ಡಾಕ್ಟರ್, ಹಲ್ಲು ಅಲ್ಲಾಡಿಸಿ ನೋಡಿ.

"ಎಳ್ಳು."

"ಅಷ್ಟು ಹೇಳಿದ್ನಲ್ಲ. ಮೇಷ್ಟ್ರ ಮಗ ನೀವು, ಅಷ್ಟೂ ಗೊತ್ತಾಗಲ್ವಾ?"

ಅಪ್ಪ ಬಾಗಿಲ ಹತ್ತಿರ ನಿಂತಿದ್ದರು. "ಕೊಟ್ಟಿದ್ದು ನಾನು ಡಾಕ್ಟ್ರೇ. ಅವನನ್ನ ಅನ್ಬೇಡಿ." ಡಾಕ್ಟರ್ ಬರೆಯತೊಡಗಿದರು. ಅಪ್ಪ ಕೂರಲಿಲ್ಲ. "ಮೇಲೆ ಸೈಕಲ್ ಅಂತಿದೆಯಲ್ಲ, ಅದನ್ನೂ ತಿದ್ದಿ. ಇವನು ಬೀಳಲಿಲ್ಲ. ನಾನು ಹೊಡ್ದೆ."

ಪೆನ್ನು ನಿಂತಿತು. ನಾನು ಮೇಲಿನ ದೀಪ ನೋಡುತ್ತಿದ್ದೆ.

ಮತ್ತೆ ಇಂಜೆಕ್ಷನ್, ಮತ್ತೆ ತಂತಿ, ನಾಲ್ಕು ವಾರ. ಹಿಡಿಯುತ್ತೋ ಇಲ್ಲವೋ, ಈಗ ಹೇಳೋಕಾಗಲ್ಲ ಅಂದರು.

ವಾಪಸು ಬರುವಾಗ ಅಪ್ಪ ಮುಂದೆ ಹೋಗಲಿಲ್ಲ. ಹೂವಿನ ಅಂಗಡಿಗಳ ಹತ್ತಿರ ಕೇಳಿದರು, "ನೋವಿದೆಯೇನೋ?"

"ಗೊತ್ತಾಗ್ತಿಲ್ಲ."

ನಿಜವೇ. ಕೆನ್ನೆ ಆಗ ನನ್ನದಾಗಿರಲಿಲ್ಲ.

ಈಗ ತುಟಿ ಜುಮುಗುಡುತ್ತಿದೆ. ದವಡೆಯೊಳಗೆ ಸಣ್ಣಗೆ ಶುರುವಾಗಿದೆ. ಆಗ ಹೇಳಿದ್ದು ಈಗ ಸುಳ್ಳು. ಅಪ್ಪ ಹಜಾರದಲ್ಲಿ ಪೇಪರ್ ತಿದ್ದುತ್ತಿದ್ದಾರೆ. ಹೋಗಿ ಹೇಳಬೇಕು, ಅಪ್ಪಾ, ನೋ—