ಉಣಕಲ್ ಕೆರೆಯಲ್ಲಿ ಮುಳುಗಿದವರು ಯಾರು?

ಸಾಹಸ ಜಲಕ್ರೀಡೆಗೆ ಅನುಮತಿ ಕೊಡುವ, ಬಹುಮಟ್ಟಿಗೆ ಕೊಡದಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ತಿರಸ್ಕರಿಸುವುದು ನಿಮ್ಮ ಹಕ್ಕು, ಬಹುಶಃ ಹವ್ಯಾಸವೂ ಹೌದು. ಆದರೆ ಕೊಟ್ಟ ಕಾರಣ ಸುಳ್ಳು. ‘ಪರೀಕ್ಷೆಯ ವೇಳೆ ದೋಣಿ ಮಗುಚಿದ್ದು, ಮುಳುಗುತ್ತಿದ್ದ ಒಬ್ಬರನ್ನು ರಕ್ಷಿಸಲಾಗಿದೆ, ತಂಡವು ಅನರ್ಹ’ ಎಂದು ಬರೆದಿದ್ದೀರಿ. ಮುಳುಗಿದವರು ಯಾರು, ರಕ್ಷಿಸಿದವರು ಯಾರು ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೀರಿ. ಅದನ್ನು ಊರಿಗೆ ತಿಳಿಸಲು ಈ ಬಹಿರಂಗ ಪತ್ರ.

ನಾವು ಮೂವರು. ನಾನು ಅಮರಗೋಳದ ಹತ್ತಿ ವ್ಯಾಪಾರಸ್ಥರ ಮನೆಯವಳು. ರಾಯಾಪುರದ ಇಸ್ತಿಯಾಕಭಾಯಿ ಒಡೆದ ಪ್ಲಾಸ್ಟಿಕ್ ನೀರಿನ ಟಾಕಿಗಳಿಗೆ ಬೆಸುಗೆ ಹಾಕುವ ಮೆಕ್ಯಾನಿಕ್. ಒಬ್ಬೊಬ್ಬರೇ ಕೂತು ನಡೆಸುವ ನಮ್ಮ ಕಯಾಕ್ ದೋಣಿಗಳೂ ಪ್ಲಾಸ್ಟಿಕ್ಕಿನವೇ, ಬಂಡೆಗೆ ಬಡಿದು ಸೀಳಿದರೆ ಅವರೇ ವೈದ್ಯರು. ಮೂರನೆಯವಳು ಅವರ ಮಗಳು ಜೋಯಾ. ಇಪ್ಪತ್ಮೂರು ವರ್ಷ, ನಮ್ಮಿಬ್ಬರಿಗೂ ಕಲಿಸುವಷ್ಟು ಪಳಗಿದ ಕೈ.

ಘಟ್ಟದ ಹೊಳೆಯೊಂದರಲ್ಲಿ ಒಂಬತ್ತು ಕಿಲೋಮೀಟರ್ ಇಳಿಯುವುದು ನಮ್ಮ ಯೋಜನೆ. ಹೊಳೆಯ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಅಲ್ಲಿಯೂ ನೀವು ಸೆಲ್ಫಿ ಕಟ್ಟೆ ಕಟ್ಟಿಸುತ್ತೀರಿ. ಬೇಸಿಗೆಯಲ್ಲಿ ನೀರಿಲ್ಲದಾಗ ದಂಡೆಗುಂಟ ಮೂರು ಸಲ ನಡೆದೆವು. ನೀರು ಧುಮುಕುವ ಯಾವ ಜಾಗವನ್ನು ದೋಣಿಯಲ್ಲೇ ಇಳಿಯಬೇಕು, ಯಾವುದನ್ನು ದೋಣಿ ಹೊತ್ತು ನಡೆದೇ ದಾಟಬೇಕು, ನೀರಿಗೆ ಬಿದ್ದವರನ್ನು ಎಳೆಯಲು ಹಗ್ಗ ಹಿಡಿದವರು ಯಾವ ಬಂಡೆಯ ಮೇಲೆ ನಿಲ್ಲಬೇಕು, ಕಾಲು ಮುರಿದರೆ ರಸ್ತೆಗೆ ಹತ್ತುವ ದಾರಿ ಎಲ್ಲಿ, ಎಲ್ಲ ಬರೆದುಕೊಂಡೆವು. ಆ ಹೊಳೆಯ ಸೇತುವೆಯ ಕಂಬಕ್ಕೆ ಎರಡು ಗೆರೆ ಬಳಿದಿದ್ದೇವೆ. ಮೇಲಿನ ಗೆರೆ ದಾಟಿ ನೀರಿದ್ದರೆ ಜೀವಕ್ಕೆ ಅಪಾಯ, ಕೆಳಗಿನದಕ್ಕಿಂತ ಇಳಿದರೆ ಬರೀ ಕಲ್ಲು. ನಡುವೆ ನೀರು ನಿಲ್ಲುವುದು ಮಳೆಗಾಲ ಮುಗಿದ ಮೇಲಿನ ಹದಿನೈದು ದಿನ ಮಾತ್ರ. ಇಷ್ಟನ್ನೂ ಮೂವತ್ತೊಂದು ಪುಟಗಳಲ್ಲಿ ಬರೆದು ಕೊಟ್ಟರೆ ನೀವು ಕೇಳಿದ್ದು ಒಂದೇ ಪ್ರಶ್ನೆ: “ಇದರಾಗ ಊಟದ ವ್ಯವಸ್ಥಾ ಎಲ್ಲಿ ಬರದೀರಿ?”

ಆಮೇಲೆ ಅಪ್ಪಣೆಯಾಯಿತು: “ಮೊದಲ ಉಣಕಲ್ ಕೆರ್ಯಾಗ ಮಾಡಿ ತೋರಸ್ರಿ.” ಗುಡ್ಡ ಹತ್ತುವವರನ್ನು ಆಟದ ಮೈದಾನದಲ್ಲಿ ನಡೆಸಿ ನೋಡಿದ ಹಾಗೆ. ಆದರೂ ಬಂದೆವು. ನೀವು ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದಿರಿ. ನಿಮ್ಮ ಸಹಾಯಕ ಬಸಣ್ಣನವರ ಎದೆಗೆ ‘ರಕ್ಷಣಾ ಸಿಬ್ಬಂದಿ’ ಎಂಬ ಬಿಲ್ಲೆ ಹಚ್ಚಿ ಮೆಟ್ಟಿಲ ಮೇಲೆ ನಿಲ್ಲಿಸಿದ್ದಿರಿ. ಅವರ ಲೈಫ್ ಜಾಕೆಟ್ ಮಾತ್ರ, ಹೊಸದು, ಹೊಲಸಾದೀತು ಎಂದು, ನಿಮ್ಮ ಜೀಪಿನಲ್ಲೇ ಇತ್ತು.

ಜೋಯಾ ಬೇಕೆಂದೇ ದೋಣಿ ಮಗುಚಿದಳು. ತಲೆಕೆಳಗಾಗಿ ನೀರಿಗೆ ಹೋಗಿ, ದೋಣಿಯಿಂದ ಹೊರಬರದೆ, ಹುಟ್ಟಿನ ಒಂದೇ ಹೊಡೆತಕ್ಕೆ ಮೇಲೇಳುವುದು ನಮ್ಮ ವಿದ್ಯೆಯ ಮೊದಲ ಪಾಠ. ಸೆಳವಿನ ನೀರಿನಲ್ಲಿ ಜೀವ ಉಳಿಸುವುದೇ ಅದು. ಯೋಜನೆಯ ನಾಲ್ಕನೇ ಪುಟದಲ್ಲಿ ಚಿತ್ರಸಹಿತ ಇತ್ತು, ಆದರೆ ಆ ಪುಟದಲ್ಲಿ ಊಟ ಇರಲಿಲ್ಲ. ನೀವು ಎದ್ದು ನಿಂತು ಕೂಗಿದಿರಿ: “ಮುಳಗಿದ್ಳೋ! ಬಸಣ್ಣಾ, ಜಿಗಿಯೋ!”

ಬಸಣ್ಣನವರು ವಿಧೇಯರು, ಜಿಗಿದೇಬಿಟ್ಟರು. ಅಷ್ಟರಲ್ಲಿ ಜೋಯಾ ಮೇಲೆದ್ದು ಮುಖ ಒರೆಸಿಕೊಳ್ಳುತ್ತಿದ್ದಳು. “ಎವ್ವಾ, ನನಗ ಈಜಾಕ ಬರೂದಿಲ್ಲ!” ಎಂದು ಚೀರಿ ಅವರು ಮುಳುಗಿದರು. ಜೋಯಾ ದೋಣಿ ತಿರುಗಿಸಿ ಅವರ ಬಳಿ ತಂದು, “ಕಾಕಾ, ದೋಣಿ ಮೂತಿ ಗಟ್ಟಿ ಹಿಡೀರಿ, ನನ್ನ ಹಿಡೀಬ್ಯಾಡ್ರಿ,” ಎನ್ನುತ್ತ ಮೆಟ್ಟಿಲಿಗೆ ಮುಟ್ಟಿಸಿದಳು. ಎರಡು ನಿಮಿಷವೂ ಆಗಿರಲಿಲ್ಲ. ನೀವು ಇಡದೇ ಇದ್ದ ಪರೀಕ್ಷೆಯಲ್ಲೂ ಅವಳು ಪಾಸಾದಳು. ಫಲಿತಾಂಶ ಮಾತ್ರ ಅನರ್ಹ!

ನಿಮ್ಮ ಕಾಗದದ ಸುದ್ದಿ ಹಬ್ಬಿ, ಈಗ ಇಸ್ತಿಯಾಕಭಾಯಿಯ ಅಂಗಡಿಗೆ ಟಾಕಿ ತಂದವರೆಲ್ಲ, “ಮುಳಗಿದಾಕಿ ನಿಮ್ಮ ಮಗಳ ಏನ್ರಿ?” ಎಂದು ಕೇಳುತ್ತಾರೆ. ಜೋಯಾಳ ದೋಣಿ ಅಂಗಡಿಯ ಗೋಡೆಗೆ ಒರಗಿದೆ, ಅವಳು ಅದನ್ನು ಮುಟ್ಟುತ್ತಿಲ್ಲ. “ಸರ್ಕಾರದ ಕಾಗದದಾಗ ನಾ ಮುಳಗೇನಿ ಅಕ್ಕಾ. ಇನ್ನ ನನ್ನ ಹಗ್ಗಾ ನಂಬಿ ಯಾರು ಹೊಳಿಗೆ ಇಳೀತಾರ?” ಎಂದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಬಸಣ್ಣನವರು ಒಂದು ಡಜನ್ ಬಾಳೆಹಣ್ಣು ಹಿಡಿದು ಅಂಗಡಿಗೆ ಬಂದಿದ್ದರು. “ಭಾಯಿ, ನಿಮ್ಮ ಮಗಳು ನನ್ನ ಜೀವಾ ಉಳಿಸ್ಯಾಳ್ರಿ. ಆದ್ರ ಸಾಹೇಬ್ರು, ನಾನ ಆಕೀನ್ನ ಉಳಿಸೇನಂತ ಬ್ಯಾರೆ ಹೇಳಿಕಿ ಬರದು ಸಹಿ ಮಾಡಿಸ್ಕೊಂಡಾರ್ರಿ,” ಎಂದು ತಲೆ ತಗ್ಗಿಸಿದರು. ಕೆಳಗಿನ ನೌಕರ ತಲೆ ತಗ್ಗಿಸಬೇಕಾಗಿ ಬಂದದ್ದು ಯಾರ ತಪ್ಪಿಗೆ, ಮಾನ್ಯರೇ?

ಹೊಳೆಯ ನೀರು ಕೆಳಗಿನ ಗೆರೆಗೆ ಇಳಿಯಲು ಇನ್ನು ಆರು ದಿನ ಉಳಿದಿವೆ. ನಾನು ಕೇಳುವುದು ದಯೆಯಲ್ಲ, ಒಂದು ಸಾಲಿನ ತಿದ್ದುಪಡಿ: ‘ಮುಳುಗುತ್ತಿದ್ದ ಬಸಣ್ಣನವರನ್ನು ಜೋಯಾ ರಕ್ಷಿಸಿದರು.’ ಅದನ್ನು ಬರೆದ ಕೈ, ಅದೇ ಸಾಲಿನ ಕೆಳಗೆ ‘ಅನರ್ಹ’ ಎಂದು ಮತ್ತೆ ಬರೆಯಲು ಒಪ್ಪಿದರೆ ಬರೆಯಲಿ, ನೋಡೋಣ.

ಇನ್ನೊಂದು ವಿಷಯ. ದೋಣಿ ಮುಟ್ಟದ ಜೋಯಾ ದಿನಾ ಬೆಳಿಗ್ಗೆ ಗೋಪನಕೊಪ್ಪದ ಒಂದು ಬಾವಿಗೆ ಹೋಗುತ್ತಾಳೆ, ಬಸಣ್ಣನವರಿಗೆ ಈಜು ಕಲಿಸಲು. ನಿನ್ನೆ ಅವರು ಮೊದಲ ಸಲ ಈ ಗೋಡೆಯಿಂದ ಆ ಗೋಡೆಗೆ ಈಜಿದರು. ಮುಂದಿನ ಸಲ ನೀವು ‘ಜಿಗಿಯೋ’ ಎಂದರೆ ಅವರು ಬದುಕಿ ಬರುತ್ತಾರೆ.

ಇಂತಿ,
ತಮ್ಮ ಕಾಗದದ ಕೃಪೆಯಿಂದ ಇನ್ನೂ ದಂಡೆಯ ಮೇಲೇ ಇರುವ
ರಜನಿ, ಅಮರಗೋಳ